ಮೇಲಿನ ಹೊಳಪು, ಒಳಗಿನ ಹಲಗೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಅಡುಗೆಮನೆಯ ಕಟ್ಟೆ ಮಾಡಿಸಿ ನೋಡು ಎಂಬ ಮಾತನ್ನೂ ಅವರು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಅವರ ಕಾಲದಲ್ಲಿ ಕಟ್ಟೆಯೇ ಇರಲಿಲ್ಲ. ನೆಲದ ಮೇಲೆ ಒಲೆ, ಒಲೆಯ ಮುಂದೆ ಮಣೆ, ಮಣೆಯ ಮೇಲೆ ಅಮ್ಮ. ಅಡುಗೆಯ ಕೆಲಸ ನೆಲದಿಂದ ಮೇಲೆದ್ದು ನಿಂತು ನಮ್ಮ ಕಡೆ ಹೆಚ್ಚೆಂದರೆ ಎರಡು ತಲೆಮಾರು ಆಗಿರಬಹುದು. ಆದರೆ ಕಟ್ಟೆಯ ಕುರಿತು ನೆಂಟರಿಷ್ಟರಲ್ಲಿ ಇಂದು ನಡೆಯುವ ಚರ್ಚೆಯನ್ನು ಕೇಳಿದರೆ, ಮನೆಯ ಮಾನ ಮರ್ಯಾದೆಗಳೆಲ್ಲವೂ ಅದರ ಮೇಲೆಯೇ ನಿಂತಿವೆಯೇನೋ ಎನಿಸುತ್ತದೆ.

ಈ ಲೇಖನಕ್ಕೆ ಕಾರಣಳಾದವಳು ನನ್ನ ತಮ್ಮನ ಮಗಳು. ಶಿವಮೊಗ್ಗದಲ್ಲಿ ಬಾಡಿಗೆಯ ಮನೆಯಲ್ಲಿದ್ದಾಳೆ. ಪತಿಯನ್ನು ಕಳೆದುಕೊಂಡ ಮೇಲೆ ಮನೆಯಲ್ಲಿಯೇ ಹೋಳಿಗೆ, ಚಪಾತಿ ಮಾಡಿ ಮಾರಿ ಮಗನನ್ನು ಓದಿಸುತ್ತಿದ್ದಾಳೆ. ಆ ಮನೆಯಲ್ಲಿರುವ ಕಲ್ಲಿನ ಕಟ್ಟೆ ಒಲೆಗೂ ಪಾತ್ರೆ ತೊಳೆಯುವ ಸಿಂಕಿಗೂ ಸಾಕಾಗುವಷ್ಟೇ. ಲಟ್ಟಿಸುವ ಕೆಲಸವೆಲ್ಲ ನೆಲದ ಮೇಲೆ ಕುಳಿತು. ಪ್ರತಿದಿನ ನಾಲ್ಕೈದು ಗಂಟೆ ಹೀಗೆ ಕುಳಿತು ಎದ್ದು ಅವಳ ಮೊಣಕಾಲು ನೋಯತೊಡಗಿದೆ. ನಿಂತು ಕೆಲಸ ಮಾಡಲು ಆರು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಕಟ್ಟೆ ಬೇಕು. ಗಾರೆ ಕೆಲಸಕ್ಕೆ ಮನೆಯ ಮಾಲೀಕರು ಒಪ್ಪುವುದಿಲ್ಲ. ಆದುದರಿಂದ ಹಲಗೆಯ ಮೇಲೆ ಸನ್‌ಮೈಕಾ ಅಂಟಿಸಿದ ಕಟ್ಟೆಯೊಂದನ್ನು ಕಡಿಮೆ ಖರ್ಚಿನಲ್ಲಿ ಮಾಡಿಸುವುದೆಂದು ಅವಳ ಆಲೋಚನೆ.

ಇದನ್ನು ಕೇಳಿದ ನೆಂಟರೊಬ್ಬರು, "ಸನ್‌ಮೈಕಾ ಕಟ್ಟೆಯೇ? ಅದೇನು ಹೋಟೆಲಿನ ಮೇಜೇ?" ಎಂದು ನಕ್ಕರಂತೆ. ಮತ್ತೊಬ್ಬರು, ಮಾಡಿಸುವುದಾದರೆ ಸಾಲ ತೆಗೆದಾದರೂ ಪೂರ್ತಿ ಮಾಡ್ಯುಲರ್ ಕಿಚನ್ನನ್ನೇ ಮಾಡಿಸು ಎಂದು ಉಪದೇಶಿಸಿದರಂತೆ, ಅದೂ ಬಾಡಿಗೆಯ ಮನೆಯಲ್ಲಿ! ಅವಳು ದೂರವಾಣಿಯಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು: "ದೊಡ್ಡಪ್ಪಾ, ಅಗ್ಗದ್ದನ್ನು ಹಾಕಿಸಿದರೆ ತಪ್ಪಾಗುತ್ತದೆಯೇ?"

ತಪ್ಪಲ್ಲ ಮಗಳೇ, ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಎಂದಿಗೂ ತಪ್ಪಲ್ಲ. ಆದರೆ ಅಗ್ಗವೆಂಬುದು ವಸ್ತುವಿನ ಯಾವ ಭಾಗದಲ್ಲಿ ಇರಬೇಕು, ಯಾವ ಭಾಗದಲ್ಲಿ ಇರಕೂಡದು ಎಂಬುದನ್ನು ಅರಿಯದಿದ್ದರೆ ತಪ್ಪಾಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಮನೆಯಲ್ಲಿ, ನನ್ನದೇ ಅವಿವೇಕದಿಂದ ಕಲಿತೆ. ಇದುವರೆಗೆ ಯಾರಲ್ಲಿಯೂ ಹೇಳಿಕೊಳ್ಳದ ಆ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ.

ಸಾಗರದಲ್ಲಿ ನಾವು ಮನೆ ಕಟ್ಟಿಸಿದ್ದು 1996ರಲ್ಲಿ. ಮೇಷ್ಟರ ಸಂಬಳ, ಸಾಲದ ಹಣ. ತಳಪಾಯ, ಗೋಡೆ, ಮಾಡು ಮುಗಿದು ಅಡುಗೆಮನೆಯ ಸರದಿ ಬರುವಾಗ ಕೈ ಬರಿದಾಗಿತ್ತು. ಒಲೆಗೂ ಸಿಂಕಿಗೂ ಕಡಪ ಕಲ್ಲು ಹಾಕಿಸಿದೆವು. ಸಿಂಕಿನ ಪಕ್ಕದ ಐದು ಅಡಿ ಜಾಗಕ್ಕೆ ಕಪಾಟು, ಕಪಾಟಿನ ಮೇಲೆ ಸನ್‌ಮೈಕಾದ ಕಟ್ಟೆ ಎಂದು ತೀರ್ಮಾನವಾಯಿತು. ಅಂಗಡಿಯಲ್ಲಿ ತೇಗದ ಎಳೆಗಳಂತೆ ಚಿತ್ರವಿದ್ದು ಕನ್ನಡಿಯಂತೆ ಹೊಳೆಯುತ್ತಿದ್ದ ಹಾಳೆಯೊಂದು ನನ್ನ ಕಣ್ಣಿಗೆ ಬಿತ್ತು. ಬೆಲೆ ಹೆಚ್ಚು. ಆದರೂ ಅದನ್ನೇ ಕೊಂಡೆ. ಆ ಹೆಚ್ಚಳವನ್ನು ಸರಿದೂಗಿಸಲು ಕೆಳಗಿನ ಪ್ಲೈವುಡ್ಡನ್ನು ಅಂಗಡಿಯಲ್ಲಿದ್ದ ಅತ್ಯಂತ ಕಡಿಮೆ ಬೆಲೆಯದನ್ನು ಆರಿಸಿದೆ. "ಇದು ನೀರಿನ ಹತ್ತಿರಕ್ಕೆ ಬೇಡಿ ಸಾರ್" ಎಂದು ಬಡಗಿ ಹೇಳಿದ. "ಒಳಗಿನದು ಯಾರಿಗೆ ಕಾಣುತ್ತದಪ್ಪಾ?" ಎಂದು ವಿಜ್ಞಾನದ ಮೇಷ್ಟರಾದ ನಾನು ಉತ್ತರಿಸಿದೆ!

ಮೊದಲ ವರ್ಷ ಬಂದವರೆಲ್ಲ ಕಟ್ಟೆಯನ್ನು ಹೊಗಳಿದರು. ನಾನು ಹಿಗ್ಗಿದೆ. ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ತಿಳಿದೇ ಇದೆ. ಹಾಕಿದ ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಎರಡನೆಯ ಮಳೆಗಾಲದಲ್ಲಿ ಸಿಂಕಿನ ಬದಿಯ ಅಂಚು ಉಬ್ಬಿತು. ಮುಂದಿನ ವರ್ಷ ಪದರಗಳು ಬಾಯಿ ಬಿಟ್ಟವು. ಈ ವಿವರಗಳೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಕಟ್ಟೆಯ ಮೇಲೆ ಹಾಸಿದ್ದ ಒಂದು ಹೂವಿನ ಚಿತ್ರದ ರೆಕ್ಸಿನ್ ಮಾತ್ರ. ಅಂದಕ್ಕಾಗಿ ಹಾಸಿದ್ದಾಳೆ ಎಂದುಕೊಂಡಿದ್ದೆ.

2007ರಲ್ಲಿ ಮಗಳ ಬಾಣಂತನಕ್ಕೆಂದು ನನ್ನ ಪತ್ನಿ ಮೂರು ತಿಂಗಳು ಬೆಂಗಳೂರಿಗೆ ಹೋದಳು. ಅನ್ನ ಸಾರು ಬೇಯಿಸಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು. ಒಂದು ದಿನ ಸಾರು ಚೆಲ್ಲಿತೆಂದು ಆ ರೆಕ್ಸಿನ್ನನ್ನು ಎತ್ತಿದೆ. ಕೆಳಗೆ ಕಟ್ಟೆ ಎಂಬುದೇ ಇರಲಿಲ್ಲ. ಒಡೆದು ಎದ್ದ ಸನ್‌ಮೈಕಾ, ಕಪ್ಪುಗಟ್ಟಿ ಪುಡಿಯಾದ ಹಲಗೆ, ಸಂದಿಯಲ್ಲಿ ಜಿರಲೆಗಳು. ಐದು ಅಡಿಯಲ್ಲಿ ಗೋಡೆಯ ಕಡೆಯ ಎರಡು ಅಡಿ ಮಾತ್ರ ಗಟ್ಟಿಯಾಗಿತ್ತು. ಒಂಬತ್ತು ವರ್ಷಗಳ ಕಾಲ ಆ ಎರಡು ಅಡಿಯಲ್ಲಿಯೇ ಅವಳು ತರಕಾರಿ ಹೆಚ್ಚಿ, ಹಿಟ್ಟು ನಾದಿ, ಹಬ್ಬದ ಅಡುಗೆಗಳನ್ನೆಲ್ಲ ಮಾಡಿದ್ದಳು.

ಅವಳು ಹಿಂತಿರುಗಿದಾಗ, "ನನಗೆ ಹೇಳಬಾರದಿತ್ತೇ?" ಎಂದು ಕೇಳಿದೆ.

"ಹೇಳಿದ್ದೆ. ಸಾಲದ ಕಂತು ಮುಗಿಯಲಿ ಎಂದಿರಿ. ಕಂತು ಮುಗಿದದ್ದನ್ನು ನೀವು ನನಗೆ ಹೇಳಲಿಲ್ಲ" ಎಂದಳು.

ಕಂತು ಮುಗಿದು ಆಗಲೇ ಒಂದು ವರ್ಷವಾಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಸನ್‌ಮೈಕಾ ಎನ್ನುವುದು, ವನಸ್ಪತಿಗೆ ಡಾಲ್ಡಾ ಎಂದಂತೆ, ಒಂದು ಕಂಪನಿಯ ಹೆಸರು ವಸ್ತುವಿನ ಹೆಸರೇ ಆಗಿಬಿಟ್ಟ ಉದಾಹರಣೆ. ವಸ್ತುವಿನ ಹೆಸರು ಲ್ಯಾಮಿನೇಟ್. ಇದರಲ್ಲಿ ಮೈಕಾ, ಅಂದರೆ ನಾವು ಕಾಗೆಬಂಗಾರ ಎನ್ನುವ ಅಭ್ರಕ, ಇಲ್ಲ. 1912ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಎಂಬ ಇಬ್ಬರು ವಿದ್ಯುತ್ ನಿರೋಧಕವಾಗಿ ಅಭ್ರಕದ ಬದಲಿಗೆ ಬಳಸಬಹುದಾದ ವಸ್ತುವೊಂದನ್ನು ರೂಪಿಸಿದರು. ಅಭ್ರಕಕ್ಕೆ ಬದಲು ಎಂಬ ಅರ್ಥದಲ್ಲಿ ಅದಕ್ಕೆ ಫಾರ್ಮೈಕಾ ಎಂದು ಹೆಸರಾಯಿತು. ವಿದ್ಯುತ್ ಯಂತ್ರಗಳಿಗೆಂದು ಹುಟ್ಟಿದ ವಸ್ತು ಕಾಲಕ್ರಮೇಣ ಅಡುಗೆಮನೆಯನ್ನು ಸೇರಿತು.

ಅದರ ರಚನೆ ಸರಳ. ನೀವು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದಿರಲ್ಲ, ಆ ಕಂದು ಕಾಗದದ ಜಾತಿಯ ಕ್ರಾಫ್ಟ್ ಕಾಗದದ ಕೆಲವು ಪದರಗಳನ್ನು ಫೀನಾಲ್ ಫಾರ್ಮಾಲ್ಡಿಹೈಡ್ ರಾಳದಲ್ಲಿ ನೆನೆಸುತ್ತಾರೆ. ಅದರ ಮೇಲೆ ಬಣ್ಣವೋ ಚಿತ್ರವೋ ಮುದ್ರಿತವಾದ ಕಾಗದ; ಅದು ಮೆಲಮೈನ್ ರಾಳದಲ್ಲಿ ನೆನೆದದ್ದು. ಎಲ್ಲವನ್ನೂ ಒಟ್ಟಿಗೆ ಇಟ್ಟು ಬಿಸಿಯಾದ ಯಂತ್ರದಲ್ಲಿ ಬಲವಾಗಿ ಒತ್ತಿದರೆ ಒಂದೇ ಹಾಳೆಯಾಗುತ್ತದೆ. ಬೇಕೆಲೈಟ್ ಪಾಠದಲ್ಲಿ ಹೇಳಿದ್ದೆ, ನೆನಪಿದೆಯೇ? ಒಮ್ಮೆ ಗಟ್ಟಿಯಾದರೆ ಮತ್ತೆ ಕಾಯಿಸಿದರೂ ಕರಗಿ ಮೆತ್ತಗಾಗದ ಪ್ಲಾಸ್ಟಿಕ್ ಇದು. ಹೀಗಾಗಿ ಮೇಲ್ಮೈ ನಿಜಕ್ಕೂ ಗಟ್ಟಿ; ಮೇಲೆ ಬಿದ್ದ ನೀರು ಒಳಗಿಳಿಯುವುದಿಲ್ಲ. ಆದರೆ ಅದರ ದಪ್ಪ ಎಷ್ಟು? ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಹಾಳೆ 0.8 ಅಥವಾ 1 ಮಿಲಿಮೀಟರ್. ಅಂದರೆ ನಾವು ಕಟ್ಟೆ ಎಂದು ಕರೆಯುವುದು ಮಿಲಿಮೀಟರು ದಪ್ಪದ ಆ ಹಾಳೆಯನ್ನಲ್ಲ, ಅದರ ಕೆಳಗಿನ ಹಲಗೆಯನ್ನು. ನೀರು ಮೇಲಿನಿಂದ ಬರುವುದಿಲ್ಲ. ಅಂಚಿನಿಂದ, ಬೆಸುಗೆಯಿಂದ, ಸಿಂಕಿಗಾಗಿ ಕೊರೆದ ರಂಧ್ರದಿಂದ ಬರುತ್ತದೆ. ಬಂದು ಹಲಗೆಯನ್ನು ಸೇರುತ್ತದೆ. ಕಳ್ಳ ಹಿತ್ತಲ ಬಾಗಿಲಿನಿಂದ ಬರುವಾಗ ಮುಂಬಾಗಿಲಿಗೆ ಎಷ್ಟು ದೊಡ್ಡ ಬೀಗ ಹಾಕಿದರೇನು?

ತಮ್ಮನ ಮಗಳಿಗೆ ಉತ್ತರಿಸುವ ಮೊದಲು ನಾನೊಂದು ಸಣ್ಣ ಪ್ರಯೋಗ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ನಮ್ಮೂರಿನಲ್ಲಿ ಒಳ್ಳೆಯ ಬಡಗಿ. ತರಗತಿಯಲ್ಲಿ ಕೊನೆಯ ಬೆಂಚಿನವನು. ಅವನ ಲೆಕ್ಕದ ಉತ್ತರಪತ್ರಿಕೆಯನ್ನು ನೋಡಿ ನಾನು ಆಡಿದ ಮಾತುಗಳನ್ನು ಅವನು ಮರೆತಿದ್ದರೆ ಅದು ಅವನ ದೊಡ್ಡತನ. ಅವನಿಂದ ಮೂರು ತುಂಡು ಹಲಗೆಗಳನ್ನು ತರಿಸಿ ಒಂದು ಬಕೆಟ್ಟು ನೀರಿನಲ್ಲಿ ಮುಳುಗಿಸಿಟ್ಟೆ: ಒಂದು ಪಾರ್ಟಿಕಲ್ ಬೋರ್ಡ್, ಒಂದು ಸಾಮಾನ್ಯ ಕಮರ್ಷಿಯಲ್ ಪ್ಲೈವುಡ್, ಒಂದು ಮರೀನ್ ಪ್ಲೈವುಡ್. ಪಾರ್ಟಿಕಲ್ ಬೋರ್ಡಿನ ಅಂಚು ಮರುದಿನ ಬೆಳಗ್ಗೆಯೇ ನೆನೆದ ರಸ್ಕಿನಂತೆ ಉಬ್ಬಿತ್ತು. ಬೆರಳಿನಿಂದ ಕೆದಕಿದರೆ ಪುಡಿ ಕೈಗೆ ಬಂದಿತು. ಕಮರ್ಷಿಯಲ್ ತುಂಡಿನ ಪದರಗಳು ನಾಲ್ಕೈದು ದಿನಗಳಲ್ಲಿ ಒಂದು ಮೂಲೆಯಲ್ಲಿ ಬಿಡತೊಡಗಿದವು. ಮರೀನ್ ತುಂಡು ಬಣ್ಣಗೆಟ್ಟಿತು, ಭಾರವಾಯಿತು, ಆದರೆ ವಾರ ಕಳೆದರೂ ಪದರ ಬಿಡಲಿಲ್ಲ. ಒಂದು ಬಕೆಟ್ಟಿನ ಪ್ರಯೋಗದಿಂದ ಎಲ್ಲ ಕಂಪನಿಗಳ ಎಲ್ಲ ಹಲಗೆಗಳಿಗೂ ತೀರ್ಪು ಕೊಡುವುದು ವಿಜ್ಞಾನವಲ್ಲ. ಆದರೂ ನೀವು ಕೊಳ್ಳಲಿರುವ ಹಲಗೆಯ ತುಂಡನ್ನೇ ಹೀಗೆ ನೆನೆಸಿ ನೋಡಲು ಖರ್ಚೇನೂ ಇಲ್ಲ. 1996ರಲ್ಲಿ ನಾನೇ ಇದನ್ನು ಮಾಡಬಹುದಿತ್ತು.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆಯನ್ನು ಓದಿ. ಮರೀನ್ ಪ್ಲೈವುಡ್ಡಿಗೆ ಭಾರತೀಯ ಮಾನಕ ಸಂಖ್ಯೆ ಐಎಸ್ 710. ಅಂಗಡಿಯವರು ಬಾಯಲ್ಲಿ "ವಾಟರ್‌ಪ್ರೂಫ್" ಎನ್ನುವುದಕ್ಕೂ ಹಾಳೆಯ ಮೇಲೆ ಮುದ್ರೆಯಿರುವುದಕ್ಕೂ ವ್ಯತ್ಯಾಸವಿದೆ.

ಇನ್ನು ಹಣದ ಮಾತು. ಅಗ್ಗದ ಕಟ್ಟೆ ಎಂದರೆ ಎಲ್ಲವನ್ನೂ ಅಗ್ಗ ಮಾಡುವುದಲ್ಲ. ನಮ್ಮ ಪೇಟೆಯಲ್ಲಿ ವಿಚಾರಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಅವಳು ಮೊದಲು ಮೆಚ್ಚಿದ್ದ, ಅಮೃತಶಿಲೆಯ ಚಿತ್ರವಿದ್ದ ಹೊಳಪಿನ ಹಾಳೆಯನ್ನು ಬಿಟ್ಟು ಸಾದಾ ಹಾಳೆಯನ್ನು ತೆಗೆದುಕೊಂಡರೆ ಉಳಿಯುವ ಹಣದಲ್ಲಿ ಕಮರ್ಷಿಯಲ್ ಪ್ಲೈವುಡ್ಡಿನ ಬದಲು ಮರೀನ್ ಪ್ಲೈವುಡ್ಡನ್ನೇ ಕೊಳ್ಳಬಹುದಿತ್ತು. ಒಟ್ಟು ಖರ್ಚು ಹೆಚ್ಚುಕಡಿಮೆ ಅಷ್ಟೇ. ಒಂದು ಕಟ್ಟೆ ಮೂರು ವರ್ಷಕ್ಕೆ ಕೆಡುತ್ತದೆ, ಇನ್ನೊಂದು ಮಗ ಓದಿ ಕೆಲಸಕ್ಕೆ ಸೇರುವವರೆಗೂ ಬರುತ್ತದೆ. ನಾನು 1996ರಲ್ಲಿ ಮಾಡಿದ್ದು ಇದರ ತದ್ವಿರುದ್ಧ. ಹೊರಗೆ ಥಳುಕು, ಒಳಗೆ ಹುಳುಕು.

ಸಾಮಗ್ರಿಯ ಲೆಕ್ಕವನ್ನು ಆ ಕೊನೆಯ ಬೆಂಚಿನ ವಿದ್ಯಾರ್ಥಿ ನನ್ನೆದುರು ಬಾಯಲ್ಲಿಯೇ ಮಾಡಿದ. "ಸಾರ್, ಪ್ಲೈವುಡ್ ಹಾಳೆ ಎಂಟು ನಾಲ್ಕರದ್ದು. ಉದ್ದಕ್ಕೆ ಸೀಳಿದರೆ ಎರಡು ಅಡಿ ಅಗಲದ ಎರಡು ಪಟ್ಟಿ. ಆರಡಿಗೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಹದಿನೆಂಟೂ ಹದಿನೆಂಟೂ ಮೂವತ್ತಾರು ಮಿಲಿಮೀಟರ್ ದಪ್ಪದ ಕಟ್ಟೆ. ಉಳಿದ ಎರಡು ತುಂಡು ಕೆಳಗಿನ ತಟ್ಟಿಗೆ. ಸನ್‌ಮೈಕಾವೂ ಎಂಟು ನಾಲ್ಕೇ. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ." ಕೆಳಕ್ಕೇಕೆ ಎಂದು ಕೇಳಿದೆ. ಒಂದೇ ಮುಖಕ್ಕೆ ಅಂಟಿಸಿದರೆ ಹವೆಯ ತೇವಕ್ಕೆ ಎರಡು ಮುಖಗಳೂ ಸಮನಾಗಿ ಹಿಗ್ಗಿ ಕುಗ್ಗುವುದಿಲ್ಲ, ಹಲಗೆ ಬಾಗುತ್ತದೆ ಎಂದ. ಒಂದು ಹಾಳೆ ಪ್ಲೈವುಡ್, ಒಂದು ಹಾಳೆ ಲ್ಯಾಮಿನೇಟ್. ಕಸಕ್ಕೆ ಹೋಗುವುದು ತೀರ ಕಡಿಮೆ. ಆ ಹುಡುಗನಿಗೆ ಲೆಕ್ಕ ಬಾರದೆಂದು ನಾನು ಅಂದುಕೊಂಡಿದ್ದೆ!

ಅವನಿಂದಲೂ ನನ್ನ ಅನುಭವದಿಂದಲೂ ತಿಳಿದ ಇನ್ನೂ ಕೆಲವು ಮಾತುಗಳನ್ನು ಹೇಳುತ್ತೇನೆ. ಕಟ್ಟೆಗೆ 1 ಮಿಲಿಮೀಟರ್ ಹಾಳೆಯೇ ಇರಲಿ. ಕನ್ನಡಿಯ ಹೊಳಪು ಬೇಡ, ಗೀರುಗಳು ಬೇಗ ಎದ್ದು ಕಾಣುತ್ತವೆ. ಅಚ್ಚ ಬಿಳಿಯ ಮೇಲೆ ಅರಿಸಿನದ ಕಲೆ, ಅಚ್ಚ ಕಪ್ಪಿನ ಮೇಲೆ ಹಿಟ್ಟು ಮತ್ತು ಗೀರು. ಸಣ್ಣ ಚುಕ್ಕೆಗಳಿರುವ ಮಂದ ಬಣ್ಣ ಎಲ್ಲಕ್ಕೂ ಒಳ್ಳೆಯದು. ಮುಂದಿನ ಅಂಚಿಗೆ ಗಟ್ಟಿಮರದ ತೆಳು ಪಟ್ಟಿಯನ್ನು ಕೂಡಿಸಿ ಪಾಲಿಶ್ ಮಾಡಿಸಿದರೆ ಸೊಂಟದ ಒರಸು, ಪಾತ್ರೆಯ ಪೆಟ್ಟುಗಳನ್ನು ಅದು ತಾಳಿಕೊಳ್ಳುತ್ತದೆ. ಸಿಂಕಿಗಾಗಿ ಕೊರೆಯುವುದಾದರೆ ರಂಧ್ರದ ಮೂಲೆಗಳು ದುಂಡಗಿರಲಿ. ಚೂಪಾದ ಮೂಲೆಯಿಂದಲೇ ಲ್ಯಾಮಿನೇಟ್ ಬಿರುಕು ಬಿಡುವುದು. ಕೊರೆದ ಹಲಗೆಯ ಹಸಿ ಅಂಚಿಗೆ ನೀರು ಹಿಡಿಯದಂತೆ ಬಣ್ಣ ಬಳಿಸಿ, ಅಂಚು ಮೇಲೆ ಕೂರುವಂಥ ಸಿಂಕನ್ನೇ ಇಟ್ಟು, ಸುತ್ತಲೂ ಸಿಲಿಕೋನ್ ಹಾಕಿಸಬೇಕು. ಮನೆಯೊಡತಿಯ ಪಾಲಿಗೆ ಉಳಿಯುವ ನಿಯಮಗಳು ಮೂರೇ: ಒಲೆಯಿಂದ ಇಳಿಸಿದ ಕುಕ್ಕರನ್ನು ಸಿಂಬೆಯೋ ಮಣೆಯೋ ಇಲ್ಲದೆ ಇಡಬಾರದು, ಮಣೆಯಿಲ್ಲದೆ ಚಾಕುವಿನಿಂದ ಹೆಚ್ಚಬಾರದು, ನೀರು ನಿಲ್ಲಲು ಬಿಡಬಾರದು.

ಇಷ್ಟು ಬರೆದೆನೆಂದು ನಾನು ಸನ್‌ಮೈಕಾದ ವಕೀಲನೆಂದು ತಿಳಿಯಬೇಡಿ. ಒಲೆಯ ಕೆಳಗೆ, ಸಿಂಕಿನ ಸುತ್ತ ಕಲ್ಲಿಗೆ ಸಮನಾದದ್ದಿಲ್ಲ. ರೊಟ್ಟಿ ತಟ್ಟುವ ಮನೆಗೂ ಕಲ್ಲೇ ಸರಿ. ಕರ್ನಾಟಕದವರಾದ ನಮಗೆ ಕಲ್ಲೇನೂ ದೂರದ ವಸ್ತುವಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟುಗಳು ನಮ್ಮ ನಾಡಿನವೇ. ಸ್ವಂತ ಮನೆ, ಕೆಳಗೆ ಗಟ್ಟಿಯಾದ ಗಾರೆಯ ಆಧಾರ, ಕೈಯಲ್ಲಿ ಹಣ ಇದ್ದವರು ಕಲ್ಲನ್ನೇ ಹಾಕಿಸಲಿ. ಆದರೆ ಆರು ಅಡಿ ಉದ್ದ, ಎರಡು ಅಡಿ ಅಗಲದ, 18 ಮಿಲಿಮೀಟರ್ ದಪ್ಪದ ಗ್ರಾನೈಟು ಚಪ್ಪಡಿಯ ತೂಕ ಸುಮಾರು 54 ಕಿಲೋಗ್ರಾಂ. ಎರಡು ಪಟ್ಟು ದಪ್ಪವಿದ್ದರೂ ನಮ್ಮ ಪ್ಲೈವುಡ್ ಕಟ್ಟೆ ಅದರ ಅರ್ಧದಷ್ಟು ತೂಗುತ್ತದೆ. ಬಾಡಿಗೆಯ ಮನೆಯವಳಿಗೆ ಇದು ಸಣ್ಣ ಮಾತಲ್ಲ. ನಾಳೆ ಮನೆ ಬದಲಿಸಿದರೆ ಸ್ಕ್ರೂಗಳನ್ನು ಬಿಚ್ಚಿ ಕಟ್ಟೆಯನ್ನೂ ಕೊಂಡೊಯ್ಯಬಹುದು. ಮಾಡ್ಯುಲರ್ ಕಿಚನ್ನಿನ ಉಪದೇಶ ಮಾಡಿದವರು ಇದನ್ನು ಯೋಚಿಸಲಿಲ್ಲ. ಆ ಸಾಲದ ಕಂತನ್ನು ಕಟ್ಟುವವರೂ ಅವರಲ್ಲ.

"ಹೋಟೆಲಿನ ಮೇಜು" ಎಂದು ನಕ್ಕವರಿಗೂ ಒಂದು ಮಾತು. ಇಂಗ್ಲೆಂಡಿನಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಅಲ್ಲಿ ಸಾಮಾನ್ಯ ಮನೆಗಳಲ್ಲಿ ಲ್ಯಾಮಿನೇಟ್ ಕಟ್ಟೆಗಳೇ ಬಹಳ. 38 ಮಿಲಿಮೀಟರ್ ದಪ್ಪ, 600 ಮಿಲಿಮೀಟರ್ ಅಗಲ, ಮೂರು ಮೀಟರ್ ಉದ್ದದ ಸಿದ್ಧ ಹಲಗೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಬೇಕಾದಷ್ಟು ಕತ್ತರಿಸಿ ಕೂಡಿಸಿಕೊಳ್ಳುತ್ತಾರೆ. ಆ ಹಲಗೆಗಳ ಒಳಗಿರುವುದು ಹೆಚ್ಚಾಗಿ ಚಿಪ್‌ಬೋರ್ಡ್. ಅಲ್ಲಿಯೂ ಸಿಂಕಿನ ಅಂಚಿನಲ್ಲಿಯೇ ಅದು ಮೊದಲು ಉಬ್ಬುವುದು. ದೇಶ ಬೇರೆಯಾದರೂ ನೀರಿನ ಗುಣ ಒಂದೇ. ಅಲ್ಲಿರುವ ನೀವೂ ಅಂಚು ಮತ್ತು ಬೆಸುಗೆಗಳ ಮೇಲೆ ಕಣ್ಣಿಡಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಇದು ನನ್ನದಲ್ಲ, ನನ್ನ ಪತ್ನಿಯದು. ನಾನು ಕಾಗದದ ಮೇಲೆ ಕಟ್ಟೆಯ ಅಳತೆಗಳನ್ನು ಬರೆಯುತ್ತಿದ್ದಾಗ ಅವಳು ಬಂದು, "ಎತ್ತರ ಎಷ್ಟೆಂದು ಬರೆದಿರಿ?" ಎಂದು ಕೇಳಿದಳು. ಎಲ್ಲರ ಮನೆಯಲ್ಲಿರುವಷ್ಟೇ ಎಂದೆ. "ಎಲ್ಲರೂ ಅಲ್ಲಿ ನಿಂತು ಲಟ್ಟಿಸುತ್ತಾರೆಯೇ? ಅವಳನ್ನು ನಿಲ್ಲಿಸಿ ಅಳೆಯಿರಿ" ಎಂದಳು. ಮಡಿಸಿದ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಕಟ್ಟೆಯಿದ್ದರೆ ಭುಜವನ್ನು ಎತ್ತದೆ, ಸೊಂಟವನ್ನು ಬಾಗಿಸದೆ ಕೆಲಸ ಮಾಡಬಹುದು. ತಮ್ಮನ ಮಗಳ ಮೊಣಕೈ ನೆಲದಿಂದ 37 ಅಂಗುಲ. ಕಟ್ಟೆಯನ್ನು 32 ಅಂಗುಲಕ್ಕೆ ನಿಲ್ಲಿಸಿದೆವು. ನಮ್ಮ ಮನೆಯ ಕಟ್ಟೆಯನ್ನು ಕಟ್ಟಿಸುವಾಗ ನಾನು ಯಾರನ್ನೂ ನಿಲ್ಲಿಸಿ ಅಳೆಯಲಿಲ್ಲ. ಬಣ್ಣ, ಬೆಲೆ, ಎತ್ತರ ಎಲ್ಲವನ್ನೂ ತೀರ್ಮಾನಿಸಿದವನು ನಾನು. ಆ ಕಟ್ಟೆಯ ಮುಂದೆ ನಾನು ನಿಂತದ್ದು ಆ ಮೂರು ತಿಂಗಳು ಮಾತ್ರ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ. ಅಡುಗೆಮನೆಯ ಕಟ್ಟೆ ಅಗ್ಗದ್ದಾಗಿರಲು ನಾಚಬೇಕಿಲ್ಲ. ಕೈಯಲ್ಲಿರುವ ಹಣವನ್ನು ಮೊದಲು ಒಳಗಿನ ಹಲಗೆಗೆ, ಆಮೇಲೆ ಅಂಚಿಗೆ, ಉಳಿದರೆ ಮೇಲಿನ ಚಿತ್ರಕ್ಕೆ ಹಾಕಿ. ತೀರ್ಮಾನವನ್ನು ಅಲ್ಲಿ ನಿಲ್ಲುವವರಿಗೇ ಬಿಡಿ. ಹಣ ಕೊಡುವವರು ಹಣ ಕೊಟ್ಟರೆ ಸಾಕು.

2008ರಲ್ಲಿ ನಮ್ಮ ಮನೆಯ ಆ ಐದು ಅಡಿಯನ್ನು ಕಿತ್ತು ಮರೀನ್ ಪ್ಲೈವುಡ್ಡಿನ ಮೇಲೆ ಸಾದಾ ಬೂದುಬಣ್ಣದ ಹಾಳೆಯನ್ನು ಹಾಕಿಸಿದೆವು. ಬಣ್ಣವನ್ನು ಆರಿಸಿದವಳು ಅವಳೇ. ನೋಡಲು ಏನೂ ವಿಶೇಷವಿಲ್ಲ, ಬಂದವರು ಯಾರೂ ಹೊಗಳುವುದಿಲ್ಲ, ಇಂದಿಗೂ ಗಟ್ಟಿಯಾಗಿದೆ. ಕಳೆದ ವಾರ ಶಿವಮೊಗ್ಗಕ್ಕೆ ಹೋಗಿ ತಮ್ಮನ ಮಗಳ ಹೊಸ ಕಟ್ಟೆಯನ್ನು ನೋಡಿ ಬಂದೆವು. ನಾನು ಮೇಲ್ಭಾಗದ ಮೇಲೆ ಕೈಯಾಡಿಸಿ ಚೆನ್ನಾಗಿದೆ ಎಂದೆ. ನನ್ನ ಪತ್ನಿ ಬಗ್ಗಿ, ಕಟ್ಟೆಯ ಅಡಿಯಂಚಿನ ಉದ್ದಕ್ಕೂ ಬೆರಳನ್ನು ಎಳೆದು ನೋಡಿ, ಮೇಲೆದ್ದು, "ಈಗ ಲಟ್ಟಿಸು ಮಗಾ, ನಾನೂ ನಾಲ್ಕು ಲಟ್ಟಿಸುತ್ತೇನೆ" ಎಂದಳು. ಅಂದು ಅಲ್ಲಿ ತಿಂದ ಹೋಳಿಗೆಯ ರುಚಿಯನ್ನು ಬರೆದರೆ ಲೇಖನ ಮತ್ತಷ್ಟು ಉದ್ದವಾದೀತು. ಆದುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.